ಗಂಧ ಬಳಿಸಿಕೊಂಡ ಗಿಡ್ಡ ಎಂಜಿನ್ನು

ರುದ್ರಮುನಿ ಮೇಷ್ಟ್ರ ಮೇಜಿನ ಮೇಲಿನ ಆಟಿಕೆ ರೈಲುದಾರಿಯಲ್ಲಿ ವ್ಯಾಗನ್ನು ತಳ್ಳುವ ಗಿಡ್ಡ ಡೀಸೆಲ್ ಎಂಜಿನ್ನೊಂದಿತ್ತು. ಮೈಮೇಲೆ ‘ಸೂರ್ಯಗಿರಿ ರೈಲ್ವೆ’ ಎಂಬ ಬರಹ. ಅಂಥ ರೈಲ್ವೆ ಆ ಮೇಜು ಬಿಟ್ಟರೆ ಲೋಕದಲ್ಲೆಲ್ಲೂ ಇಲ್ಲ. ಆಯುಧಪೂಜೆಯ ದಿನ ಸಕ್ಕರೆಯ ವ್ಯಾಗನ್ನನ್ನು ಮೇಜಿನ ತುದಿಯ ದೇವರ ಪಟದ ಮುಂದಕ್ಕೆ ತಳ್ಳುವ ಸೇವೆ, ಬಹುದಿನ ಬೇಡಿಕೊಂಡ ಮೇಲೆ, ಅದಕ್ಕೆ ಸಿಕ್ಕಿತು.

“ಮೇಷ್ಟ್ರೇ, ಹಣೆಗೊಂದು ಬೊಟ್ಟು ಸಾಲದು. ಚಕ್ರಕ್ಕೂ ದಪ್ಪಗೆ ಗಂಧ ಬಳಿಯಿರಿ,” ಎಂದಿತು ಎಂಜಿನ್ನು.

“ಬೇಡವೋ ತಮ್ಮಾ,” ಎಂದಿತು ವ್ಯಾಗನ್ನು. “ನೀನು ಹೆಸರಿಗಷ್ಟೇ ಡೀಸೆಲ್. ನಿನಗೆ ಕರೆಂಟು ಬರುವುದೇ ಹಳಿಯಿಂದ ಚಕ್ರಕ್ಕೆ, ಗಂಧ ಅದನ್ನು ತಡೆಯುತ್ತದೆ.”

“ಹೊಟ್ಟೆಕಿಚ್ಚು ಪಡಬೇಡ ಅಣ್ಣಾ!”

ಮೇಷ್ಟ್ರು ಭಕ್ತಿಯಿಂದ ಬಳಿದರು. ಮಂಗಳಾರತಿಯಾಗಿ ಗುಂಡಿ ಒತ್ತಿದರೆ ಎಂಜಿನ್ನು ಅಲುಗಲೇ ಇಲ್ಲ. ಅಷ್ಟರಲ್ಲಿ ಇರುವೆಗಳು ಬಂದು, ಸಕ್ಕರೆ ಹೊತ್ತು ಪಟದ ಕಡೆಗೆ ಸಾಲಾಗಿ ಹೊರಟವು.

“ದೇವರ ಸೇವೆ ನಿಂತುಹೋಯಿತಲ್ಲಾ!” ಎಂದು ಎಂಜಿನ್ನು ಗೋಳಾಡಿತು.

“ನಿಂತದ್ದು ನೀನು, ಸೇವೆಯಲ್ಲ,” ಎಂದಿತು ವ್ಯಾಗನ್ನು. “ಅತ್ತ ನೋಡು, ಒಂದರ ಕಾಲಿಗೂ ಗಂಧವಿಲ್ಲ.”