ಹಲ್ಲುನೋವಿನ ಮೊಸಳೆಯೂ ಕೇತಜ್ಜಿಯ ಸೀರೆ ಅಂಚೂ

ಒಂದು ಕಾಡಿನಲ್ಲಿ ಒಂದು ಹೊಳೆ ಹರಿಯುತ್ತಿತ್ತು. ಬಂಡೆಗಳ ನಡುವೆ ಅದು ಆಳವಾದ ಮಡುವಾಗಿ ನಿಂತಿತ್ತು. ಆ ಮಡುವಿನಲ್ಲಿ ಒಂದು ಆಮೆ ಇತ್ತು. ಯಾರ ತಂಟೆಗೂ ಹೋಗದ ಪಾಪದ ಆಮೆ. ಆದರೆ ಅದಕ್ಕೊಂದು ಚಾಳಿ ಇತ್ತು. ತನ್ನ ಬಾಯಲ್ಲಿ ಹೆಸರಿಗೂ ಒಂದು ಹಲ್ಲಿಲ್ಲವಲ್ಲ, ಅದಕ್ಕೇ ಏನೋ, ಯಾವಾಗ ನೋಡಿದರೂ ಬೇರೆಯವರ ಹಲ್ಲು ನೋಡುತ್ತಾ ಕೂರುತ್ತಿತ್ತು. ಕೋತಿ ಹಲ್ಲು ಕಿರಿದರೆ ನೋಡುವುದು, ಕಾಡುಹಂದಿ ಗೆಡ್ಡೆ ಅಗಿದರೆ ನೋಡುವುದು. ಇದೇ ಅದರ ಕೆಲಸ.

ಅದೇ ಮಡುವಿನಲ್ಲಿ ಒಂದು ಮೊಸಳೆಯೂ ಇತ್ತು. ಹಲ್ಲು ನೋಡುವವರಿಗೆ ಇನ್ನೇನು ಬೇಕು ಹೇಳಿ! ಬಾಯಿ ಮುಚ್ಚಿದರೂ ಹಲ್ಲುಗಳು ಹೊರಗೆ ಇಣುಕುತ್ತಿದ್ದವು. ಒಂದು ಉದುರಿದರೆ ಅದರ ಅಡಿಯಲ್ಲೇ ಇನ್ನೊಂದು ತಯಾರಾಗಿರುತ್ತಿತ್ತು. ಉದುರಿದ ಹಲ್ಲುಗಳು ಕೆಸರಿನಲ್ಲಿ ಹುಣಸೆ ಬೀಜದ ಹಾಗೆ ಚೆಲ್ಲಿಕೊಂಡಿದ್ದವು. ಆಮೆ ಅವನ್ನು ಮೂಗಿನಿಂದ ಉರುಳಿಸಿ ನೋಡುತ್ತಿತ್ತು. ಎಲ್ಲದರ ಬುಡವೂ ಪೊಳ್ಳು.

ಆಮೆ ಇನ್ನೊಂದು ವಿಷಯವನ್ನೂ ಗಮನಿಸಿತ್ತು. ಮೊಸಳೆ ಬಾಯಿ ಮುಚ್ಚಿದರೆ ಬಂಡೆಗೆ ಬಂಡೆ ಬಡಿದ ಸದ್ದು. ತೆರೆಯುವಾಗ ಮಾತ್ರ ಯಾಕೋ ಬಹಳ ನಿಧಾನ. ಒಮ್ಮೆ ನೀರಲ್ಲಿ ತೇಲಿಬಂದ ಬಳ್ಳಿಯೊಂದು ಅದರ ಮೂತಿಗೆ ಸುತ್ತಿಕೊಂಡಿತು. ಎಳೆ ಬಳ್ಳಿ, ಜಿಂಕೆ ಮರಿ ಎಳೆದರೂ ಕಿತ್ತುಬರುವಂಥದ್ದು. ಆದರೂ ಮೊಸಳೆಗೆ ಮಧ್ಯಾಹ್ನದವರೆಗೂ ಬಾಯಿ ತೆರೆಯಲಾಗಲಿಲ್ಲ. ಕೊನೆಗೆ ಬಳ್ಳಿ ತಾನಾಗಿಯೇ ಜಾರಿಹೋಯಿತು. ಮೊಸಳೆ ಅದಕ್ಕೆ ಬಾಯಿಗೆ ಬಂದ ಹಾಗೆ ಬೈದು ಅಲ್ಲಿಗೇ ಮರೆತುಬಿಟ್ಟಿತು. ಆಮೆ ಮರೆಯಲಿಲ್ಲ.

ಹೊಳೆಯ ಆಚೆ ದಡದಲ್ಲಿ ನಾಲ್ಕಾರು ಗುಡಿಸಲುಗಳ ಒಂದು ಹಾಡಿ. ಅಲ್ಲಿ ಕೇತಜ್ಜಿ ಎನ್ನುವ ಮುದುಕಿ ಇದ್ದಳು. ಬೇರು, ಎಲೆ, ತೊಗಟೆ ಅರೆದು ಮದ್ದು ಕೊಡುವವಳು. ಮನುಷ್ಯರಿಗಷ್ಟೇ ಅಲ್ಲ, ಮುಳ್ಳು ಚುಚ್ಚಿದ ಕಾಡುಬೆಕ್ಕು, ರೆಕ್ಕೆ ಮುರಿದ ನವಿಲು, ಯಾರು ಬಂದರೂ ಮದ್ದು ಕೊಡುವಳು. ಒಂದು ಕಾಸು ಮುಟ್ಟುವವಳಲ್ಲ. ನಮ್ಮ ಆಮೆಯ ಗಂಟಲಿಗೂ ಒಮ್ಮೆ ಮೀನಿನ ಗಾಳ ಸಿಕ್ಕಿಕೊಂಡಿತ್ತು. ಉಸಿರೆತ್ತಲೂ ಆಗದೆ ದಡದಲ್ಲಿ ಬಿದ್ದಿದ್ದಾಗ ಕೋತಿ ಓಡಿಹೋಗಿ, "ಅಜ್ಜಿ, ಅದಕ್ಕೆ ನೋವಾಗಿದೆ" ಎಂದು ಅದರ ಪರವಾಗಿ ಹೇಳಿತ್ತು. ಅಜ್ಜಿ ಬಂದು ಗಾಳ ಬಿಡಿಸಿದ್ದಳು. ಅಂದಿನಿಂದ ಆಮೆಗೆ ಕೇತಜ್ಜಿ ಅಂದರೆ ಪ್ರಾಣ.

ಮೊಸಳೆಗೋ, ಕೇತಜ್ಜಿಯ ಹೆಸರೆತ್ತಿದರೆ ಮೈಯೆಲ್ಲ ಉರಿ. ಯಾಕೆ ಗೊತ್ತೇ? ಬೇಸಿಗೆಯಲ್ಲಿ ಹಾಡಿಯ ಬೊಮ್ಮ ನೀರು ತುಂಬಲು ಕಡವಿಗೆ, ಹೊಳೆಗೆ ಇಳಿಯುವ ಜಾಗಕ್ಕೆ, ಬಂದಿದ್ದ. ಮೊಸಳೆ ಅವನ ಮೀನಖಂಡಕ್ಕೆ ಬಾಯಿ ಹಾಕಿತು. ಮೊಸಳೆಯ ಹಲ್ಲು ಅಗಿಯುವ ಹಲ್ಲಲ್ಲ, ಹಿಡಿಯುವ ಹಲ್ಲು. ಹಿಡಿದು, ಆಳಕ್ಕೆ ಎಳೆದು, ಗಿರ್ರನೆ ಉರುಳಬೇಕು. ಅದರ ಪುಣ್ಯಕ್ಕೆ ಬೊಮ್ಮ ಬೇರು ಹಿಡಿದು ನೇತಾಡಿದ, ಹಾಡಿಯವರು ಕೋಲು ತಂದು ಅದರ ಕಣ್ಣಿಗೆ ತಿವಿದರು, ಬಾಯಿ ಸಡಿಲವಾಯಿತು. ಅಯ್ಯೋ, ಅದರ ಪುಣ್ಯ ಅಂದೆನೇ? ಬೊಮ್ಮನ ಪುಣ್ಯಕ್ಕೆ. ಅವನ ಕಾಲಿನಲ್ಲಿ ಎರಡು ಸಾಲು ತೂತು. ಮೇಲೆ ಚಿಕ್ಕದು, ಒಳಗೆ ಆಳ. ಮೊಸಳೆಯ ಬಾಯಿ ಕೊಳಕು ನೋಡಿ, ಕಾಲು ಊದಿ ಜ್ವರ ಏರಿತು. ಅಜ್ಜಿ ಕಾಯಿಸಿದ ಬೇವಿನ ನೀರಿನಲ್ಲಿ ಒಂದೊಂದೇ ತೂತನ್ನು ತೊಳೆದು ತೊಳೆದು ಕಾಲು ಉಳಿಸಿದಳು. ಈಗ ಬೊಮ್ಮ ಕುಂಟುತ್ತಾನೆ, ಆದರೆ ನಡೆಯುತ್ತಾನೆ.

ಇದೇ ಮೊಸಳೆಗೆ ತಡೆಯಲಾಗದ ಅವಮಾನ. ತಾನು ಕಚ್ಚಿದವನು ತನ್ನ ಕಣ್ಣೆದುರೇ ಓಡಾಡುವುದೆಂದರೇನು? ಮೊದಲು ಆ ಮುದುಕಿಯನ್ನು ಮುಗಿಸಬೇಕು, ಆಮೇಲೆ ಯಾರನ್ನು ಕಚ್ಚಿದರೂ ಉಳಿಸುವವರಿರುವುದಿಲ್ಲ ಎಂದು ಲೆಕ್ಕ ಹಾಕಿತು. ಆದರೆ ಅಜ್ಜಿ ಜಾಣೆ. ಕಡವಿಗೆ ಇಳಿಯುವವಳೇ ಅಲ್ಲ, ಬಂಡೆಯ ಮೇಲಿಂದಲೇ ಹಗ್ಗ ಬಿಟ್ಟು ನೀರು ಸೇದುವವಳು. ಅವಳಾಗಿಯೇ ಕೈ ತಂದು ಬಾಯಿಗಿಡುವಂತೆ ಮಾಡಬೇಕು. ಹೇಗೆ?

ಒಂದು ಬೆಳಿಗ್ಗೆ ಆಮೆ ಕೆಸರಿನಲ್ಲಿ ಮಲಗಿದ್ದಾಗ ಮೇಲೆ ವಿಚಿತ್ರ ಸದ್ದು ಕೇಳಿಸಿತು. ಮೊಸಳೆ ನರಳುವುದನ್ನು ಅಭ್ಯಾಸ ಮಾಡುತ್ತಿತ್ತು. ಒಮ್ಮೆ ಸಣ್ಣದಾಗಿ, ಒಮ್ಮೆ ದೊಡ್ಡದಾಗಿ, ನಡುನಡುವೆ ಕಣ್ಣೀರು. ಚೆನ್ನಾಗಿ ಬಂತೆನಿಸಿದ ಮೇಲೆ, ಹಿಂದಿನ ಹಲ್ಲು ನೋಯುತ್ತದೆ ಎಂದರೆ ಮುದುಕಿ ಭುಜದವರೆಗೂ ಕೈ ಹಾಕಲೇಬೇಕು ಎಂದು ತನ್ನಷ್ಟಕ್ಕೆ ಹೇಳಿಕೊಂಡು ನಕ್ಕಿತು. ಆಮೇಲೆ ಸಡಿಲವಾಗಿದ್ದ ಒಂದು ಹಲ್ಲನ್ನು ಬಂಡೆಗೆ ತಿಕ್ಕಿ ಉದುರಿಸಿ, ಕೋತಿಯ ಕೈಗೆ ಕೊಟ್ಟು, ಅಜ್ಜಿಗೆ ಹೇಳಿಕಳಿಸಿತು. ಕೋತಿ ಏನೂ ಅರಿಯದ್ದು. ಅಳು ನೋಡಿ ಅದರ ಕಣ್ಣೂ ಒದ್ದೆಯಾಗಿ ಓಡಿಬಿಟ್ಟಿತು.

ಆಮೆ ಎಲ್ಲವನ್ನೂ ಕೇಳಿಸಿಕೊಂಡಿತ್ತು. ಅದೂ ಹೊರಟಿತು. ಆಮೆ ಹೊರಟರೆ ಕೇಳಬೇಕೇ! ಹೊಳೆ ದಾಟಿ, ದಡ ಹತ್ತಿ, ಒಮ್ಮೆ ಬೆನ್ನ ಮೇಲೆ ಮಗುಚಿಬಿದ್ದು, ಮತ್ತೆ ಎದ್ದು, ಏದುಸಿರು ಬಿಡುತ್ತಾ ಗುಡಿಸಲು ಮುಟ್ಟಿದಾಗ ಬಿಸಿಲು ಇಳಿದಿತ್ತು. ಅಜ್ಜಿ ಆಗಲೇ ಚೀಲಕ್ಕೆ ಎಲೆ ತುಂಬಿಕೊಳ್ಳುತ್ತಿದ್ದಳು. ಆಮೆ ಕಂಡದ್ದು ಕೇಳಿದ್ದನ್ನೆಲ್ಲ ಒಂದೂ ಬಿಡದೆ ಹೇಳಿತು.

ಕೇತಜ್ಜಿ ಕೋತಿ ತಂದ ಹಲ್ಲನ್ನು ತಿರುಗಿಸಿ ನೋಡಿದಳು. ಬುಡ ಪೊಳ್ಳು, ಹುಳುಕಿಲ್ಲ, ರಕ್ತದ ಗುರುತಿಲ್ಲ. ಆದರೂ ಚೀಲ ಕೆಳಗಿಡಲಿಲ್ಲ.

"ಸುಳ್ಳು ಅಂತ ನನಗೂ ಗೊತ್ತು ಮಗ," ಎಂದಳು. "ಆದರೆ ನಮ್ಮ ಅವ್ವ ನನಗೆ ಮದ್ದು ಕಲಿಸಿದಾಗ ಮಾತು ತಗೊಂಡಿದ್ದಾಳೆ. ನೋವು ಅಂತ ಹೇಳಿಕೊಂಡವರನ್ನ ಹಾಗೇ ಕಳಿಸಬಾರದು. ಕಳಿಸಿದರೆ ಕೈಯಲ್ಲಿರೋ ಮದ್ದು ಹೊರಟುಹೋಗುತ್ತೆ. ನಾಳೆ ಇನ್ನೊಬ್ಬ ಬೊಮ್ಮ ಬಂದರೆ ನಾನೇನು ಮಾಡಲಿ?"

ಆಮೆಗೆ ಅಳುವೇ ಬಂತು. ಗಂಟಲಿನ ಗಾಳ ಬಿಡಿಸಿದ ಆ ಕೈ ನಾಳೆ ಮೊಸಳೆಯ ಹೊಟ್ಟೆಗೆ! ತಡೆಯೋಣವೆಂದರೆ ಅಜ್ಜಿ ಹಟಮಾರಿ. ಆಮೆ ತಲೆಯನ್ನು ಚಿಪ್ಪಿನೊಳಗೆ ಎಳೆದುಕೊಂಡು ಯೋಚಿಸಿತು. ಆಗ ನೆನಪಾಯಿತು ಆ ಎಳೆ ಬಳ್ಳಿ. ತಲೆ ಹೊರಗೆ ಹಾಕಿ, ಮನುಷ್ಯರಿಗೆ ಹಲ್ಲುನೋವು ಬಂದರೆ ಮೊದಲು ಏನು ಮಾಡುತ್ತೀಯ ಎಂದು ಕೇಳಿತು. ಬಿಸಿ ಎಕ್ಕದ ಎಲೆ ಇಟ್ಟು ದವಡೆಗೆ ಬಟ್ಟೆ ಕಟ್ಟುತ್ತೇನೆ, ಊತ ಇಳಿದ ಮೇಲೆಯೇ ಬಾಯೊಳಗೆ ಕೈ ಎಂದಳು ಅಜ್ಜಿ. ಆಮೆ ಬಳ್ಳಿಯ ಕಥೆ ಹೇಳಿತು. ಅಜ್ಜಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ಮಾರನೆಯ ದಿನಕ್ಕೆಂದು ಹಳೆಯ ಸೀರೆಯ ಗಟ್ಟಿ ಅಂಚನ್ನು ಹರಿದು ತೆಗೆದಿಟ್ಟಳು.

ಬೆಳಗಾಯಿತು. ಮೊಸಳೆ ಕಡವಿನಲ್ಲಿ ಬಾಯಿ ತೆರೆದು ಮಲಗಿ ಹೊಳೆಯೆಲ್ಲ ಕೇಳುವಂತೆ ನರಳುತ್ತಿತ್ತು. ಆಮೆ ಅಜ್ಜಿಯ ಕಾಲ ಬಳಿಯೇ ಇತ್ತು. ಹೆದರಿಕೆಯಿಂದ ಅದರ ಚಿಪ್ಪು ಬಂಡೆಗೆ ಟಕಟಕ ಬಡಿಯುತ್ತಿತ್ತು. ನೋವು ಅಜ್ಜಿ, ಹಿಂದಿನ ಹಲ್ಲು, ಕೈ ಒಳಗೆ ಹಾಕಿ ನೋಡು ಎಂದು ಮೊಸಳೆ ಗೋಗರೆಯಿತು. ಅಜ್ಜಿ ಬಂಡೆಯ ಮೇಲಿಂದಲೇ ತನ್ನ ಪದ್ಧತಿ ಹೇಳಿದಳು. ಮೊದಲು ಎಲೆ, ಆಮೇಲೆ ಕಟ್ಟು, ಅದಾದ ಮೇಲೆ ಕೈ. ಎಲೆ ಇಡಬೇಕಾದರೆ ಬಾಯಿ ಮುಚ್ಚಿಕೊಂಡಿರಬೇಕು.

ಮೊಸಳೆ ಬಟ್ಟೆಯನ್ನು ಓರೆಗಣ್ಣಿನಿಂದ ನೋಡಿತು. ಹಳೆ ಸೀರೆ ಚಿಂದಿ! ಬೊಮ್ಮನ ಕಾಲು ತೂತು ಮಾಡಿದ ದವಡೆಗೆ ಇದೊಂದು ಲೆಕ್ಕವೇ? ಬಾಯಿ ತೆರೆದರೆ ಪಟ್ಟನೆ ಹರಿದುಹೋಗುತ್ತದೆ. ಅಜ್ಜಿ ಕೆಳಗಿಳಿದು ಪಕ್ಕದಲ್ಲೇ ಕೂತಾಗ ಒಮ್ಮೆ ಕಚ್ಚಿಬಿಡೋಣವೆನಿಸಿತು. ಆದರೆ ಹಿಂದೆ ಆತುರಪಟ್ಟು ಬರೀ ಮೀನಖಂಡ ಹಿಡಿದು ಕೈಬಿಟ್ಟದ್ದು ನೆನಪಾಯಿತು. ಈ ಸಲ ಭುಜದವರೆಗೂ ಬೇಕು. ಆಸೆಬುರುಕ ಮೊಸಳೆ ಬಾಯಿ ಮುಚ್ಚಿಕೊಂಡು ಸುಮ್ಮನೆ ಮಲಗಿತು.

ಅಜ್ಜಿ ಬಿಸಿ ಎಲೆ ಇಟ್ಟಳು. ಬಟ್ಟೆ ಸುತ್ತಿದಳು. ಮತ್ತೊಂದು ಸುತ್ತು, ಇನ್ನೂ ಒಂದು. ಅವಳ ಬೆರಳು ಹಲ್ಲುಗಳ ಪಕ್ಕದಲ್ಲೇ ಓಡಾಡುತ್ತಿದ್ದರೆ ಆಮೆ ಉಸಿರೇ ಬಿಟ್ಟಿರಲಿಲ್ಲ. ಎಳೆದರೆ ಬಿಚ್ಚಿಕೊಳ್ಳುವಂಥ ಒಂದು ಗಂಟು ಹಾಕಿ, ಬಟ್ಟೆಯ ತುದಿಯನ್ನು ಮೊಸಳೆಯ ಕತ್ತಿನ ಹಿಂದಕ್ಕೆ ಇಳಿಬಿಟ್ಟು, ಅಜ್ಜಿ ಬಂಡೆ ಹತ್ತಿ ನಿಂತಳು.

"ಹ್ಞೂಂ, ಈಗ ಬಾಯಿ ತೆಗಿ, ಹಲ್ಲು ನೋಡೋಣ."

ಮೊಸಳೆ ಬಾಯಿ ತೆರೆಯಹೋಯಿತು. ಬಾಯಿ ತೆರೆಯಲಿಲ್ಲ. ಇನ್ನೊಮ್ಮೆ ತಿಣುಕಿತು. ಊಹೂಂ. ಕಣ್ಣು ಹೊರಗೆ ಬರುವಷ್ಟು ತಿಣುಕಿದರೂ ಸೀರೆಯ ಅಂಚು ಮಿಸುಕಲಿಲ್ಲ. ಮುಚ್ಚುವ ಬಲವೇ ತೆರೆಯುವ ಬಲ ಎಂದು ಅದು ಹುಟ್ಟಿದಾಗಿನಿಂದ ನಂಬಿಕೊಂಡಿತ್ತು, ಪಾಪ! ಬಾಲ ಬಡಿಯಿತು, ನೀರು ರಾಡಿ ಮಾಡಿತು, ಬಂಡೆಗೆ ಮೂತಿ ತಿಕ್ಕಿ ತನ್ನ ಮೂತಿಯನ್ನೇ ಕೆರೆದುಕೊಂಡಿತು. ಮೇಲೆ ಮರದಲ್ಲಿ ಕೋತಿಗಳು ಹೊಟ್ಟೆ ಹಿಡಿದುಕೊಂಡು ನಕ್ಕವು. ಆಮೆಗೆ ಆದ ಖುಷಿ ಅಷ್ಟಿಷ್ಟಲ್ಲ.

ದಿನಗಳು ಕಳೆದವು. ಮೊಸಳೆಯ ಮೂಗಿನ ಮುಂದೆಯೇ ಮೀನುಗಳು ಆಟವಾಡಿದವು. ಹಾಡಿಯ ಹೆಂಗಸರು ಕಡವಿಗೆ ಇಳಿದು ಕೊಡ ತುಂಬಿದರು. ಮೊಸಳೆ ಸೊರಗಿತು. ಕೆರೆದುಕೊಂಡ ಮೂತಿ ಗಾಯವಾಗಿ ಊದಿತು. ನೀರಿನಿಂದ ತಲೆ ಹೊರಗೆ ಹಾಕಿ ಅದನ್ನು ನೋಡುತ್ತಿದ್ದ ಆಮೆಗೆ ಮೊದಮೊದಲು ನಗು ಬರುತ್ತಿತ್ತು, ಆಮೇಲೆ ನೋಡಲೇ ಆಗಲಿಲ್ಲ.

ಒಂದು ದಿನ ಮೊಸಳೆ ತೆವಳಿಕೊಂಡು ಕೇತಜ್ಜಿಯ ಬಂಡೆಯ ಕೆಳಗೆ ಬಂತು. ಕಣ್ಣಿಂದ ನೀರು ಸುರಿಯುತ್ತಿತ್ತು. ಈ ಸಲ ನಿಜವಾದ ಕಣ್ಣೀರು. ಆದರೆ ನಂಬುವವರು ಯಾರು? ಮೊನ್ನೆಯ ನಾಟಕವೇ ಎಂದು ಕೋತಿ ಮುಖ ತಿರುಗಿಸಿತು. ಏನಾಗಿದೆ ಹೇಳು ಎಂದು ಅಜ್ಜಿ ಕೇಳಿದಳು. ಅದು ಹೇಗೆ ಹೇಳೀತು? ಇಲ್ಲದ ನೋವನ್ನು ಹೊಳೆಯೆಲ್ಲ ಕೇಳುವಂತೆ ಕೂಗಿದ ಬಾಯಿಗೆ ಇರುವ ನೋವನ್ನು ಹೇಳಲು ಆಗಲಿಲ್ಲ. ಮೂಗಿನಿಂದ ಗುಂಯ್ ಎಂದಿತು, ಅಷ್ಟೇ.

ಆಮೆ ಬಂಡೆಯ ಮೇಲೆ ಕೂತಿತ್ತು. ಅದು ಸುಮ್ಮನಿದ್ದರೆ ಸಾಕಿತ್ತು, ಮೊಸಳೆಯ ಕಾಟ ಅಲ್ಲಿಗೆ ಮುಗಿಯುತ್ತಿತ್ತು. ಸುಮ್ಮನಿರಬೇಕೆಂದೇ ಇತ್ತು. ಆದರೆ ತನ್ನ ಗಂಟಲಿನ ಗಾಳ ನೆನಪಾಯಿತು. ಅಂದು ತನಗೂ ನೋವು ಹೇಳಿಕೊಳ್ಳಲು ಬಾಯಿ ಇರಲಿಲ್ಲ.

"ಅಜ್ಜಿ," ಎಂದಿತು ಆಮೆ, "ಅದಕ್ಕೆ ನೋವಾಗಿದೆ."

ಕೇತಜ್ಜಿ ಆಮೆಯ ಚಿಪ್ಪು ಸವರಿದಳು. ಹಾಡಿಯವರನ್ನು ಕರೆದಳು. ಬಿದಿರಿನ ಗಳಕ್ಕೆ ಮೊಸಳೆಯನ್ನು ಬಿಗಿದರು. ಗಳಕ್ಕೆ ಮೊದಲು ಹೆಗಲು ಕೊಟ್ಟವನು ಯಾರೆಂದಿರಿ? ಕುಂಟುವ ಬೊಮ್ಮ. ಹೊಳೆಯ ಕೆಳಗಡೆ, ಜಲಪಾತವೊಂದರ ಆಚೆ, ಮನುಷ್ಯರು ಸುಳಿಯದ ದೊಡ್ಡ ಮಡುವಿಗೆ ಹೊತ್ತು ತಂದರು. ಅಲ್ಲಿ ಮೀನು ಬೇಕಾದಷ್ಟು, ಮೇಲೆ ಹತ್ತಿ ಬರುವ ದಾರಿ ಮಾತ್ರ ಇಲ್ಲ. ಮೂತಿಯ ಗಾಯಕ್ಕೆ ಅಜ್ಜಿ ಮದ್ದು ಹಚ್ಚಿದಳು. ಗಳ ಬಿಚ್ಚಿ ನೀರಿಗಿಳಿಸಿ ಎಲ್ಲರೂ ಬಂಡೆ ಹತ್ತಿದ ಮೇಲೆ, ಉದ್ದ ಕೊಕ್ಕೆಯಿಂದ ಬಟ್ಟೆಯ ತುದಿ ಹಿಡಿದು ಎಳೆದಳು. ಗಂಟು ಬಿಚ್ಚಿತು.

ಮೊಸಳೆ ನಿಧಾನವಾಗಿ ಬಾಯಿ ತೆರೆಯಿತು. ಎಲ್ಲರೂ ಬೈಗುಳ ಕೇಳಲು ತಯಾರಾಗಿದ್ದರು.

"ನೋಯ್ತು," ಎಂದಿತು ಮೊಸಳೆ.

"ಇವತ್ತು ನಂಬಿದೆ," ಎಂದಳು ಕೇತಜ್ಜಿ. ಸೀರೆಯ ಅಂಚನ್ನು ಹಿಂಡಿ ಹೆಗಲಿಗೆ ಹಾಕಿಕೊಂಡು, ಆಮೆಯನ್ನು ಮಡಿಲಿಗೆ ಹಾಕಿಕೊಂಡು ಹಾಡಿಯ ಕಡೆ ನಡೆದಳು.

ನೀತಿ: ಇಲ್ಲದ ನೋವನ್ನು ಹೇಳಿಕೊಂಡು ನಂಬಿದವರಿಗೆ ಮೋಸ ಮಾಡಬಾರದು, ನಿಜವಾದ ನೋವು ಬಂದ ದಿನ ನಮ್ಮ ಮಾತನ್ನು ಯಾರೂ ನಂಬುವುದಿಲ್ಲ.