ಕೊನೆಯ ಎತ್ತಿನ ಹಗ್ಗ

ಶಿಷ್ಯ ಮಹಂತೇಶ ಕೇಳಿದ: “ಗುರುಗಳೇ, ಊಟಕ್ಕಿರುವವರ ಹೆಸರುಗಳನ್ನು ನಡುವೆ ಕಾಮಾ ಹಾಕಿ ಒಂದೇ ಸಾಲಿಗೆ ಸೇರಿಸುವ ಪ್ರೋಗ್ರಾಂ ಬರೆದಿದ್ದೇನೆ. ಪ್ರತಿ ಹೆಸರು ಮುಗಿದ ಮೇಲೂ ಒಂದು ಕಾಮಾ ಬೀಳುತ್ತದೆ. ಕೊನೆಯಲ್ಲಿ ಒಂದು ಹೆಚ್ಚಾಗಿ ಉಳಿಯುತ್ತದೆ. ಕೊನೆಯ ಅಕ್ಷರವನ್ನು ಕತ್ತರಿಸಿಬಿಡು ಎಂದು ಬರೆದೆ, ಸರಿಹೋಯಿತು. ಇದರಲ್ಲಿ ತಪ್ಪೇನು?”

ಮಠದ ಅಡುಗೆಮನೆಯವರು ಆ ಸಾಲಿನಲ್ಲಿರುವ ಹೆಸರುಗಳಿಗೆ ಮಾತ್ರ ಎಲೆ ಹಾಕುತ್ತಿದ್ದರು. ಹೊಸಬರ ಹೆಸರು ಕೊನೆಗೆ ಸೇರುವುದು ಅಲ್ಲಿಯ ರೂಢಿ. ಎಲ್ಲರಿಗಿಂತ ಹೊಸಬ ಮಹಂತೇಶನೇ.

ಗುರುಗಳು ಹೇಳಿದರು: “ಸರಿಹೋಯಿತು ಅಂತ ಅಷ್ಟು ಬೇಗ ಹಿಗ್ಗಬೇಡ, ಮಾರಾಯ. ಕೂತುಕೋ.

ಒಬ್ಬ ಉಪ್ಪಿನ ವ್ಯಾಪಾರಿ ಎತ್ತುಗಳ ಮೇಲೆ ಹೇರು ಹಾಕಿಕೊಂಡು ಘಟ್ಟ ದಾಟುತ್ತಿದ್ದ. ದಾರಿ ಇಕ್ಕಟ್ಟು, ಪಕ್ಕದಲ್ಲೇ ಕಮರಿ. ಎತ್ತುಗಳನ್ನು ಒಂದರ ಹಿಂದೊಂದು ಕಟ್ಟಿಯೇ ನಡೆಸಬೇಕು. ಕಟ್ಟುವ ಆಳು ಪ್ರತಿ ಎತ್ತಿನ ಹೇರಿಗೂ ಹಿಂದೆ ಒಂದು ಹಗ್ಗ ಬಿಡುತ್ತಿದ್ದ. ಹಿಂದಿನ ಎತ್ತಿನ ಮೂಗುದಾರವನ್ನು ಅದಕ್ಕೆ ಬಿಗಿಯುತ್ತಿದ್ದ. ಕೊನೆಯ ಎತ್ತಿನ ಹಿಂದೆ ಒಂದು ಹಗ್ಗ ಸುಮ್ಮನೆ ನೇತಾಡುತ್ತಿತ್ತು. ಅದನ್ನು ಕುಡುಗೋಲಿನಿಂದ ಕತ್ತರಿಸುತ್ತಿದ್ದ. ಎಂದೂ ಜಗ್ಗಿ ನೋಡಿದವನಲ್ಲ.

ಒಂದು ದಿನ ಆಳು ಬರುವುದು ತಡವಾಯಿತು. ವ್ಯಾಪಾರಿಯ ತಾಯಿಯೇ ಹಗ್ಗ ಕೈಗೆತ್ತಿಕೊಂಡಳು. ಆ ಮುದುಕಿಯ ಕೆಲಸ ನೆನೆದರೆ ನನಗೆ ಇವತ್ತಿಗೂ ಕೈ ಮುಗಿಯೋಣ ಅನ್ನಿಸುತ್ತದೆ. ಮೊದಲ ಎತ್ತಿಗೆ ಅವಳು ಹಗ್ಗವನ್ನೇ ಹಾಕಲಿಲ್ಲ. ಎರಡನೆಯದು ಬಂದಾಗ ಅದರ ಮೂಗುದಾರಕ್ಕೆ ಹಗ್ಗ ಬಿಗಿದು ಮುಂದಿನದರ ಹೇರಿಗೆ ಕಟ್ಟಿದಳು. ಹೀಗೆ ಬಂದ ಎತ್ತು ತನ್ನ ಹಗ್ಗವನ್ನು ತಾನೇ ತಂದಂತಾಯಿತು. ಎತ್ತು ಒಂದೇ ಇದ್ದಿದ್ದರೆ ಅವಳು ಬೆನ್ನು ತಟ್ಟಿ ಕಳಿಸುತ್ತಿದ್ದಳು. ಒಂದೂ ಇಲ್ಲದಿದ್ದರೆ ಹಗ್ಗದ ಸುರುಳಿ ಬಿಚ್ಚುತ್ತಲೇ ಇರಲಿಲ್ಲ. ಎಂಥ ಕೈ ನೋಡು ಅದು.

ಸಾಲಿನ ಕೊನೆಗಿದ್ದದ್ದು ಕೆಂದ. ಮುದಿ ಎತ್ತು. ವ್ಯಾಪಾರಿ ಅದರ ಬೆನ್ನ ಮೇಲೆ ಕೂತೇ ಬೆಳೆದವನು. ಅದೆಂದರೆ ಅವನಿಗೆ ಪ್ರಾಣ.

ಮುದುಕಿಯೂ ಜೊತೆಗೆ ಹೊರಟಿದ್ದಳು. ದಾರಿಯಲ್ಲಿ ಮಂಜು ಕವಿಯಿತು. ಸಾಲು ಸ್ವಲ್ಪ ಹೊತ್ತು ನಿಂತಿತು. ಅಷ್ಟರಲ್ಲಿ ಆಳು ಒಳದಾರಿಯಿಂದ ಓಡಿಬಂದು ಸಾಲಿನ ಮುಂದೆ ಸೇರಿಕೊಂಡ. ರೂಢಿಯಂತೆ ಹೇರುಗಳನ್ನು ತಡವುತ್ತ ಮುಂದಿನಿಂದ ಹಿಂದಕ್ಕೆ ಹೋದ. ಒಂದು ಹಗ್ಗ ಸಡಿಲವಾಗಿ ಇಳಿಬಿದ್ದಿತ್ತು. ಮಂಜಿನಲ್ಲಿ ಅದರಾಚೆ ಎತ್ತು ಕಾಣಲಿಲ್ಲ. ಕತ್ತರಿಸಿದ. ಸಾಲು ಹೊರಟಿತು.

ಘಟ್ಟ ಇಳಿದ ಮೇಲೆ ನೋಡಿದರೆ ಕೆಂದ ಇಲ್ಲ. ವ್ಯಾಪಾರಿ, ‘ಉಪ್ಪು ಹಾಳಾಗಲಿ, ಅದಿಲ್ಲದೆ ನಾನು ಮನೆಗೆ ಬರುವುದಿಲ್ಲ’ ಎಂದ. ಎಲ್ಲರೂ ಹಿಂದಕ್ಕೆ ಹತ್ತಿದರು. ಕೆಂದ ಕತ್ತರಿಸಿದ ಜಾಗದಲ್ಲೇ ನಿಂತಿತ್ತು, ಕಮರಿಯ ಅಂಚಿನಲ್ಲಿ, ಮೂಗುದಾರಕ್ಕೆ ತುಂಡು ಹಗ್ಗ ಜೋತುಬಿದ್ದಿತ್ತು. ಹಗ್ಗ ಎಳೆದರೆ ನಡೆಯಬೇಕು, ಎಳೆಯದಿದ್ದರೆ ನಿಲ್ಲಬೇಕು, ಅಷ್ಟೇ ಅದಕ್ಕೆ ಗೊತ್ತಿದ್ದದ್ದು. ಪಕ್ಕಕ್ಕೆ ಒಂದು ಹೆಜ್ಜೆ ಇಟ್ಟಿದ್ದರೂ ಉಳಿಯುತ್ತಿರಲಿಲ್ಲ.

ಆಳು ಅಳುತ್ತ, ‘ಅಮ್ಮಾ, ಹೆಚ್ಚಿನ ಹಗ್ಗ ಅಂದುಕೊಂಡೆ’ ಎಂದ.

ಮುದುಕಿ ಬಯ್ಯಲಿಲ್ಲ. ‘ನಾನು ಕಟ್ಟಿದ್ದರಲ್ಲಿ ಹೆಚ್ಚಿನದು ಯಾವುದಿತ್ತಪ್ಪಾ?’ ಎಂದಳು. ಅವನ ಕುಡುಗೋಲು ಇಸಿದುಕೊಂಡು ಕೈಗೆ ಹಗ್ಗ ಕೊಟ್ಟಳು.”

ಮಹಂತೇಶ ಕೇಳಿದ: “ಆದರೆ ಗುರುಗಳೇ, ನನ್ನ ಪ್ರೋಗ್ರಾಮಿನಲ್ಲಿ ಕಟ್ಟುವವನೂ ನಾನೇ, ಕತ್ತರಿಸುವವನೂ ನಾನೇ. ನಡುವೆ ಬೇರೆ ಕೈ ಎಲ್ಲಿಂದ ಬರಬೇಕು?”

ಗುರುಗಳು ಅವನ ಪರದೆಯ ಕಡೆ ನೋಡಿ ಹೇಳಿದರು:

“ನಾಳೆ ಯಾರೋ ಬಂದು ಆ ಮುದುಕಿಯಂತೆ ಕಾಮಾ ಕಟ್ಟಿಟ್ಟು ಹೋದರೆ, ನಿನ್ನ ಕುಡುಗೋಲಿಗೆ ಸಿಗುವ ಕೊನೆಯ ಹೆಸರು ಯಾರದು, ಓದು ನೋಡೋಣ.”

ಮಹಂತೇಶ ತನ್ನದೇ ಹೆಸರು ಓದಿ, ಕತ್ತರಿಸು ಎಂದು ಬರೆದಿದ್ದನ್ನು ಅಳಿಸಿದ.