ಗೋಡೆಗೆ ಮುಖ ಮಾಡಿದ ಹಲಗೆ

ಹಳ್ಳದ ದಂಡೆಯಲ್ಲಿ ದುಗ್ಗಯ್ಯನವರ ಆಶ್ರಮವಿತ್ತು. ಆಶ್ರಮವೆಂದರೆ ಬರೀ ಜಪತಪ ಎಂದುಕೊಳ್ಳಬೇಡಿ. ಕಡಿದ ಮರವನ್ನು ಗರಗಸದಿಂದ ಕೊಯ್ದು ಹಲಗೆ ಮಾಡುವುದೇ ಅಲ್ಲಿನ ಪೂಜೆ.

ಗುರುಗಳದ್ದು ಮಾತು ಕಡಿಮೆ. ಮಾತು ಬೆಳ್ಳಿ, ಮೌನ ಬಂಗಾರ ಎಂದು ಊರವರು ಅವರನ್ನು ತೋರಿಸಿಯೇ ಮಕ್ಕಳಿಗೆ ಹೇಳುತ್ತಿದ್ದರು.

ದಿಮ್ಮಿಯನ್ನು ಎತ್ತರದ ಅಟ್ಟಣೆಯ ಮೇಲಿಟ್ಟು ಇಬ್ಬರು ಕೊಯ್ಯುತ್ತಿದ್ದರು. ಗೆರೆ ನೋಡಿಕೊಂಡು ಗರಗಸದ ಮೇಲ್ತುದಿ ಹಿಡಿಯುವವರು ಗುರುಗಳು. ಕೆಳಗೆ ನಿಂತು, ಕಣ್ಣಿಗೆಲ್ಲ ಹೊಟ್ಟು ಬೀಳಿಸಿಕೊಂಡು ಎಳೆಯುವವನು ಶಿಷ್ಯ ಕಲ್ಲೇಶ. ಹೀಗೇ ಒಂಬತ್ತು ವರ್ಷ ಕಳೆದಿತ್ತು.

ಒಮ್ಮೆ ಊರವರು ಹಳ್ಳಕ್ಕೆ ಅಡ್ಡ ಹಾಸಲು ದಪ್ಪ ಹಲಗೆ ಕೇಳಿದರು. ಗುರುಗಳು ಮತ್ತಿಮರದ ದಿಮ್ಮಿಯೊಂದನ್ನು ತೋರಿಸಿ, ಈ ಸಲ ಮೇಲ್ತುದಿ ನೀನು ಹಿಡಿ, ಹಲಗೆ ಚೆನ್ನಾಗಿ ಬಂದರೆ ಮುಂದೆಯೂ ಮೇಲ್ತುದಿ ನಿನ್ನದೇ ಎಂದರು.

ಸಂಜೆಗೆ ಕೊಯ್ದು ಮುಗಿಯಿತು. ಗುರುಗಳು ಸ್ನಾನಕ್ಕೆ ಹೋದರು. ಕಲ್ಲೇಶ ಎರಡು ಹಲಗೆಗಳನ್ನು ಬಿಡಿಸಿ ನೋಡಿದ. ನಟ್ಟನಡುವೆ ಗೇಣುದ್ದದ ಸೀಳು. ಒಂದೇ ಕೊಯ್ತದ ಎರಡು ಮುಖಗಳಲ್ಲವೇ, ಇದರಲ್ಲಿದ್ದದ್ದು ಅದರಲ್ಲೂ ಇತ್ತು.

ಅವನು ಹೊಟ್ಟನ್ನು ಅಂಟಿನಲ್ಲಿ ಕಲಸಿ ಒಂದರ ಸೀಳು ಮುಚ್ಚಿ, ಉಜ್ಜಿ, ಊರಿಗೆಂದು ಇಟ್ಟ. ಇನ್ನೊಂದನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ.

ಮೇಲ್ತುದಿ ಅವನದಾಯಿತು.

ಹಳ್ಳಕ್ಕೆ ಹಾಸಿದ ಇಪ್ಪತ್ತನೆಯ ದಿನ ಹಲಗೆ ಮುರಿಯಿತು. ಮಡಕೆ ಹೊತ್ತು ಸಂತೆಗೆ ಹೊರಟಿದ್ದ ಕುಂಬಾರ ತಿಪ್ಪೇಶಿ ಬಂಡೆಗಳ ಮೇಲೆ ಬಿದ್ದು ಸತ್ತ.

ಮಣ್ಣು ಮಾಡಿದ ಮರುದಿನ ಅವನ ಹೆಂಡತಿ ಸಣ್ಣೀರಮ್ಮ ಆಶ್ರಮಕ್ಕೆ ಬಂದಳು. ಅವಳು ಯಾರನ್ನೂ ದೂರಲಿಲ್ಲ. ಕಲ್ಲೇಶನನ್ನು ಒಂದೇ ಮಾತು ಕೇಳಿದಳು.

"ಹೊರೆ ಜಾಸ್ತಿ ಆಗಿತ್ತೇನಪ್ಪಾ? ಸಾಕು ಅಂದ್ರೂ ಕೇಳದೆ, ಇನ್ನೊಂದು ಮಡಕೆ ನಾನೇ ಹೊರಿಸಿದ್ದೆ."

ಕಲ್ಲೇಶ ನೆಲ ನೋಡಿದ.

"ಇರಬಹುದಮ್ಮ," ಎಂದ.

ಅವಳು ತಲೆಯಾಡಿಸಿ ಹೊರಟುಹೋದಳು. ಇಂಥ ಸುಳ್ಳು ಆಡಿದ ಅವನ ನಾಲಿಗೆಗೆ ಏನು ಹೇಳುವುದು? ಕಲ್ಲೇಶ ಅವಳನ್ನು ಕೂಗಿ ಕರೆಯಲಿಲ್ಲ.

ಅಲ್ಲೇ ಕೂತು ಕೇಳುತ್ತಿದ್ದ ಗುರುಗಳು ಎದ್ದು, ನೇರ ಗೋಡೆಯ ಬಳಿ ಹೋಗಿ ಹಲಗೆ ತಿರುಗಿಸಿದರು. ಸೀಳು ಇನ್ನೂ ಅಗಲವಾಗಿತ್ತು.

ಕಲ್ಲೇಶ ಅವರ ಕಾಲಿಗೆ ಬಿದ್ದ. ಆಮೇಲೆ ತಲೆಯೆತ್ತಿ ಕೇಳಿದ.

"ಇದನ್ನ ಯಾವಾಗ ನೋಡಿದ್ರಿ, ಗುರುಗಳೇ?"

"ಕೊಯ್ದ ದಿನವೇ. ಸ್ನಾನ ಮಾಡಿ ಬಂದಾಗ."

"ಮತ್ತೆ ಯಾಕೆ ಸುಮ್ಮನಿದ್ರಿ?"

"ನೀನಾಗಿಯೇ ಬಂದು ಹೇಳಲಿ, ಪಾಠ ಕಲಿಯಲಿ ಅಂತ ಕಾದೆ. ಅಲ್ಲೀವರೆಗೆ ಹಲಗೆ ತಡೆದೀತು ಅಂದುಕೊಂಡೆ."

ಕಲ್ಲೇಶನಿಗೆ ಮೊದಲು ಸಿಟ್ಟು ಬಂತು, ಆಮೇಲೆ ಹೆದರಿಕೆಯಾಯಿತು.

"ನನಗೇನು ಪ್ರಾಯಶ್ಚಿತ್ತ ಹೇಳಿ," ಎಂದ.

ಗುರುಗಳು ಬಗ್ಗಿ ಹಲಗೆಯ ಮುಂದಿನ ತುದಿಯನ್ನು ಹೆಗಲಿಗೇರಿಸಿಕೊಂಡರು. ಮುಖ ಕುಂಬಾರರ ಕೇರಿಯ ಕಡೆಗಿತ್ತು.

"ಹಿಂದಿನ ತುದಿ ಹಿಡಿ. ನಮ್ಮಿಬ್ಬರ ಪ್ರಾಯಶ್ಚಿತ್ತ ಆಮೇಲೆ. ಮೊದಲು ಇದನ್ನ ತೋರಿಸಿ, ಆ ತಾಯಿಯ ತಲೆ ಮೇಲಿನ ಮಡಕೆ ಇಳಿಸೋಣ."